ಹತ್ತನೆಯ ಮಗುವಿನ ಹೆಸರು

ತಪ್ಪು ನನ್ನದೇ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಪೆರಾಲ್ ಬಾಹೊ ಶಾಲೆಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅಡುಗೆಯವಳು. ಅರವತ್ತು ಮಕ್ಕಳಿಗೆ ಬೇಯಿಸುತ್ತಿದ್ದ ಪಾತ್ರೆಯಲ್ಲಿ ಈಗ ಹತ್ತು ಮಕ್ಕಳ ಕಾಳು ತಳದಲ್ಲೇ ಕೂತುಬಿಡುತ್ತದೆ. ನಮ್ಮ ಊರಿನ ಹುಡುಗಿಯರೆಲ್ಲ ರಾಜಧಾನಿ ಸಾಂತಿಯಾಗೊ ಸೇರಿದರು. ಅಲ್ಲೂ ಒಂದು ಹೆತ್ತರೆ ಹೆಚ್ಚು. ಈ ಹತ್ತರಲ್ಲಿ ಎಂಟು ಊರಿನವು, ಇನ್ನೆರಡು ಚೆರ್ರಿ ತೋಟದ ಕೂಲಿಗೆ ಬಂದ ಹೈಟಿಯ ಗೆರ್ದಾಳವು. ಅವರು ಬಂದಾಗ ಎಲ್ಲರಿಗಿಂತ ಹೆಚ್ಚು ಗೊಣಗಿದವಳು ನಾನೇ.

ಹತ್ತಕ್ಕಿಂತ ಕಡಿಮೆಯಾದರೆ ಶಾಲೆ ಮುಚ್ಚುತ್ತೇವೆ ಎಂದು ಸರ್ಕಾರದಿಂದ ಪತ್ರ ಬಂತು. ಭಾನುವಾರ ಗೆರ್ದಾ ಸಿಕ್ಕಾಗ ಹೇಳಿದೆ: "ನಾಳೆ ಸರ್ಕಾರದವರು ಬರ್ತಾರೆ. ತಲೆ ಎಣಿಸಿ ಹೆಸರು ಬರ್ಕೊಳ್ತಾರೆ. ಇಬ್ಬರನ್ನೂ ತಪ್ಪದೆ ಕಳ್ಸು." ಅವಳು ತಲೆಯಾಡಿಸಿದಳು.

ಸೋಮವಾರ ಬಾವುಟ ಏರಿತು. ಎಂಟೇ ಮಕ್ಕಳು. ಅಧಿಕಾರಿ ಗಡಿಯಾರ ನೋಡಿಕೊಂಡ. ಟೀಚರ್ ಇಸ್ಮೇನಿಯಾ ಅವನಿಗೆ ಎರಡನೆಯ ಸಲ ಚಹಾ ಕೊಟ್ಟಳು. ನಾನು ಒಲೆಗೂ ಬಾಗಿಲಿಗೂ ಅಲೆದು ಅಲೆದು, ಕಡೆಗೆ ತಡೆಯಲಾರದೆ ಏಪ್ರನ್ ಕಟ್ಟಿಕೊಂಡೇ ತೋಟದ ಕಡೆ ಓಡಿದೆ.

ಗೆರ್ದಾಳ ಕೋಣೆಗೆ ಹೊರಗಿನಿಂದ ಬೀಗ. ಊರು ಬಿಟ್ಟೇ ಹೋದರೇನೋ ಅಂದುಕೊಂಡೆ. ಅಷ್ಟರಲ್ಲಿ ಒಳಗೊಂದು ಮಗು ಕೆಮ್ಮಿತು.

"ನಾನು ಕಣೇ, ನೆಲಿದಾ ಅತ್ತೆ. ಪಕ್ಕದವರ ಕೈಲಿ ಹೊರಗಿಂದ ಬೀಗ ಹಾಕಿಸ್ಕೊಂಡು ಒಳಗೆ ಕೂತಿದ್ದೀಯಲ್ಲ, ಏನಾಯ್ತು ನಿಂಗೆ?"

ಒಳಗಿಂದ ಗೆರ್ದಾ ಅಂದಳು: "ನಾವು ಮೊದಲಿದ್ದ ಉತ್ತರದ ಊರಲ್ಲೂ ಹಿಂಗೇ ಹೆಸರು ಬರ್ಕೊಂಡ್ರು, ಅತ್ತೆ. ಆಮೇಲೆ ಪೊಲೀಸರು ಬಂದು ನನ್ ತಂಗೀನ ಬಸ್ಸು ಹತ್ತಿಸಿದ್ರು. ಇವತ್ತಿಗೂ ಪತ್ತೆ ಇಲ್ಲ."

ಎಣಿಸುತ್ತಾರೆ ಅಂದರೆ ಯಾರಾದರೂ ಹೆದರಿಯಾರು ಎಂದು ನನಗೆ ಹೊಳೆದೇ ಇರಲಿಲ್ಲ.

"ಅವನು ಶಾಲೆ ಕಡೆಯವನು, ಪೊಲೀಸ್ ಅಲ್ಲ. ಇಬ್ಬರು ಕಡಿಮೆಯಾದ್ರೆ ಶಾಲೆಗೇ ಬೀಗ."

"ಏನೂ ಆಗಲ್ಲ ಅಂತ ಮಾತು ಕೊಡ್ತೀರಾ?"

ಹೆಸರು ಬರೆದ ಆ ಪುಸ್ತಕ ಮುಂದೆ ಯಾರ ಕೈಗೆ ಹೋಗುತ್ತದೋ ನನಗೇನು ಗೊತ್ತು? "ಕೊಡಕ್ಕಾಗಲ್ಲ" ಎಂದೆ. "ಜೊತೆಗೆ ನಿಂತ್ಕೋತೀನಿ, ಅಷ್ಟೇ."

ಕಿಟಕಿಯಿಂದ ಬೀಗದ ಕೈ ಹೊರಬಿತ್ತು.

ದಾರಿಯಲ್ಲಿ ಗೆರ್ದಾ ಮಗಳ ಕೈ ತಾನು ಹಿಡಿದು, ಮಗನ ಕೈಯನ್ನು ನನ್ನ ಕೈಗಿಟ್ಟಳು. "ಬಿಡಬೇಡಿ. ಇವನನ್ನ ಕರ್ಕೊಂಡು ಹೋದ್ರೆ ನೀವೂ ಹೋಗ್ಬೇಕು."

ಅಧಿಕಾರಿ ಆಗಲೇ ಜೀಪಿನ ಬಾಗಿಲು ತೆರೆದಿದ್ದ. ನಮ್ಮನ್ನು ಕಂಡು ಮತ್ತೆ ಪುಸ್ತಕ ಬಿಚ್ಚಿದ. "ಒಂಬತ್ತು, ಹತ್ತು. ನೀವು ಹಿಡ್ಕೊಂಡಿರೋ ಹುಡುಗನ ಹೆಸರೇನಮ್ಮ?"

ನಾನು ಬಾಯಿ ತೆರೆದೆ. ಏಳು ತಿಂಗಳಿಂದ ಅವನಿಗೆ ಬಡಿಸಿದ್ದೆ. ಈರುಳ್ಳಿ ಆಗದು ಎಂದು ಗೊತ್ತಿತ್ತು, ಇನ್ನಷ್ಟು ಬೇಕೆಂದು ಕೇಳಲು ನಾಚುತ್ತಾನೆ ಎಂದೂ ಗೊತ್ತಿತ್ತು. ಆದರೆ ಊರಿನವರೆಲ್ಲರಂತೆ ನಾನೂ ಅವನನ್ನು ಕರಿಯ ಎಂದೇ ಕೂಗುತ್ತಿದ್ದೆ; ಹೆಸರು ಕೇಳಿರಲಿಲ್ಲ. ನಾನು ಹುಡುಗನ ಕಡೆ ತಿರುಗಿದೆ.

ಹುಡುಗ ಅಮ್ಮನ ಮುಖ ನೋಡಿದ. ಅವಳು ಹೂಂ ಎಂದ ಮೇಲೆ ಹೇಳಿದ.

"ಕೆರ್ವೆನ್ಸ್."

ಅಧಿಕಾರಿ ಬರೆದುಕೊಂಡ. ಅವನಿಗೆ ತಿಳಿದಾಗಲೇ ನನಗೂ ತಿಳಿದದ್ದು.