ಚೊಕ್ಕ ಗಾಳಿ

“ಏಯ್ ಮುಂಡೆ, ಇದಕ್ಕೊಂದು ಚೂರು ಕೊಳೆ ಹತ್ತಿದ್ರೂ ಚರ್ಮ ಸುಲೀತೀನಿ. ನಿನ್ನ ಮನೆ ಮಠ ಎಲ್ಲಾ ಮಾರಿದ್ರೂ ಇದರ ಬೆಲೆ ಹುಟ್ಟಲ್ಲ.”

ಹಾಗೆಂದು ಮೇಸ್ತ್ರಿ ಜರಡಿಯವಳ ಕೊರಳಪಟ್ಟಿಗೆ ಧೂಳು ಅಳೆಯುವ ಯಂತ್ರ ಸಿಕ್ಕಿಸಿದ. ಕಲ್ಲುಪುಡಿ ಗಿರಣಿಯಲ್ಲಿ ಜರಡಿ ಹಿಡಿಯುವ ಹೆಂಗಸರಿಗೆಲ್ಲ ಅವತ್ತು ಒಂದೊಂದು. ಯಂತ್ರದ ಬಾಯಲ್ಲಿ ಬಿಳಿ ಕಾಗದದ ಬಿಲ್ಲೆ. ಅದರ ಮೇಲೆ ಕೂತ ಧೂಳನ್ನೇ ಆಮೇಲೆ ತೂಗುವುದು. ಇದನ್ನು ತಿಳಿಸಿ ಹೇಳಬೇಕಾದ ಆರೋಗ್ಯ ಸಂಸ್ಥೆಯ ಡಾಕ್ಟರು ಧಣಿಯ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದರು.

ಜರಡಿಯವಳಿಗೆ ಗೊತ್ತಿದ್ದದ್ದು ಇಷ್ಟೇ. ಈ ಸಂಸ್ಥೆ ಧಣಿಯ ಕಾಸೂ ಮುಟ್ಟುವುದಿಲ್ಲ, ಸರ್ಕಾರದ್ದೂ ಮುಟ್ಟುವುದಿಲ್ಲ. ಅದಕ್ಕೇ ಅದು ಬರೆದದ್ದನ್ನು ಸರ್ಕಾರ ನಂಬುತ್ತದೆ. ಧೂಳು ಹೆಚ್ಚಿದೆ ಎಂದು ಬರೆದರೆ ಹೊಸ ಕಾನೂನು ಬರುತ್ತದೆ, ಗಿರಣಿಯಲ್ಲಿ ಎದೆ ಕೆಡಿಸಿಕೊಂಡವರಿಗೆ ಬದುಕಿರುವ ತನಕ ಪುಕ್ಕಟೆ ಚಿಕಿತ್ಸೆ ಸಿಗುತ್ತದೆ. ಇಲ್ಲೇ ಮೂಟೆ ಹೊತ್ತ ಅವಳ ತಮ್ಮ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ಕೊಳೆಯಾದರೆ ಅಳತೆ ಕೆಟ್ಟೀತೆಂದು, ಅವನಿಗಾಗಿ ಅವಳು ಆ ಯಂತ್ರವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಬಿಲ್ಲೆ ಬೂದಿಬಣ್ಣಕ್ಕೆ ತಿರುಗಿದಾಗಲೆಲ್ಲ ತಲೆಯ ಬಟ್ಟೆ ಬಿಚ್ಚಿ, ಚೊಕ್ಕ ಇದ್ದ ಮಗ್ಗುಲಿನಿಂದ ಒರೆಸಿದಳು. ಒರೆಸ್ಕೊಳ್ರೇ ಎಂದು ಉಳಿದವರಿಗೂ ಹೇಳಿದಳು. ಸಂಜೆ ಯಂತ್ರಗಳನ್ನು ವಾಪಸು ಇಸಿದುಕೊಳ್ಳುವಾಗ ಮೇಸ್ತ್ರಿ ಜನ್ಮದಲ್ಲಿ ಮೊದಲ ಸಲ ಭೇಷ್ ಎಂದ.

ಕಾನೂನೇನೋ ಬಂತು. ಇಂಥ ಗಿರಣಿಗಳಲ್ಲಿ ಧೂಳಿನ ಭಯವಿಲ್ಲ, ಆದ್ದರಿಂದ ಇವರಿಗೆ ಚಿಕಿತ್ಸೆ ಅನ್ವಯಿಸುವುದಿಲ್ಲ ಎಂದು ಬಂತು. ನಿನ್ನ ಕಾಯಿಲೆ ಧೂಳಿನದಲ್ಲ ಎಂದು ಆಸ್ಪತ್ರೆಯವರು ಅಲ್ಲಿ ಸೇರಿಸಿದ್ದ ತಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಕಳಿಸಿದರು. ಅದೇ ವಾರ ಡಾಕ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಿರಣಿಯ ಅಂಗಳಕ್ಕೆ ಬಂದು, ಬಿಲ್ಲೆಗಳ ಮೇಲೆ ಧೂಳೇ ಕೂತಿಲ್ಲ, ನಿಮ್ಮ ಗಾಳಿ ಚೊಕ್ಕವಾಗಿದೆ ಎಂದು ಎಲ್ಲರಿಗೂ ಶುಭಾಶಯ ಹೇಳಿದರು.

ಜರಡಿಯವಳಿಗೆ ತಾನು ಒರೆಸಿದ್ದು ಏನೆಂದು ಆಗ ತಿಳಿಯಿತು. ಜನರನ್ನು ತಳ್ಳಿಕೊಂಡು ಮುಂದೆ ಹೋಗಿ, ಬಿಲ್ಲೆ ಒರೆಸಿದ್ದು ತಾವೇ ಎಂದು ಹೇಳಿಬಿಟ್ಟಳು.

ಡಾಕ್ಟರು ಅತ್ತಿತ್ತ ನೋಡಿದರು. ಅವಳನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. “ನೋಡಮ್ಮ, ಇದನ್ನ ಎಲ್ಲೂ ಬಾಯಿಬಿಡಬೇಡ. ತಪ್ಪು ಬರೆದ್ವಿ ಅಂತ ಆದ್ರೆ ನಾಳೆ ಸಂಸ್ಥೆ ಮಾತು ಯಾರು ನಂಬ್ತಾರೆ? ನಿಮ್ಮಂಥ ಬಡವರಿಗೇ ನಷ್ಟ.”

“ನನ್ನ ತಮ್ಮನ ಗತಿ?”

“ಐದು ವರ್ಷಕ್ಕೆ ಮತ್ತೆ ಅಳೀತೀವಲ್ಲ.”

“ಅಲ್ಲೀ ತನಕ ಉಸಿರು ಬಿಗಿ ಹಿಡ್ಕೊಂಡು ಕೂತಿರು ಅನ್ಲಾ ಅವನಿಗೆ?”

ಡಾಕ್ಟರು ಗಡಿಯಾರ ನೋಡಿಕೊಂಡರು. ಅವಳು ಆ ಕೈಯನ್ನೇ ಹಿಡಿದಳು. ಕಾಲಿಗೆ ಬೀಳುತ್ತಾಳೆಂದು ಎಲ್ಲರೂ ಎಣಿಸಿದರೆ, ಅವಳು ಅವರನ್ನು ದರದರನೆ ಕಲ್ಲು ಬೀಸುವ ಕೋಣೆಗೆ ಎಳೆದುಕೊಂಡು ಹೋದಳು. ಹೆಂಗಸರೆಲ್ಲ ಹಿಂದೆಯೇ ನುಗ್ಗಿದರು. ಕೊನೆಗೆ ಬಂದವಳು ಒಳಗಿನಿಂದ ಚಿಲಕ ಹಾಕಿದಳು. ಬಾಗಿಲು ತೆಗೀರೇ ಲೌಡೇರಾ ಎಂದು ಮೇಸ್ತ್ರಿ ಹೊರಗೆ ಗುದ್ದತೊಡಗಿದ.

ಯಾರೋ ಸ್ವಿಚ್ ಒತ್ತಿದರು. ಕಲ್ಲು ಅರೆಯುವ ಸದ್ದಿಗೆ ನೆಲ ಅದುರಿತು. ಧೂಳು ಏಳುತ್ತಿದ್ದಂತೆ ಡಾಕ್ಟರು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡರು. ಜರಡಿಯವಳು ಅದನ್ನು ಕಿತ್ತು ಎಸೆದಳು.

“ಉಸಿರಾಡಿ ಸಾರ್,” ಎಂದು ಅವರ ಕಿವಿಯ ಹತ್ತಿರ ಕೂಗಿದಳು. “ಗಾಳಿ ಚೊಕ್ಕ ಅಂತ ನೀವೇ ಬರೆದಿದ್ದೀರಲ್ಲ.”