ಕೌದಿಯ ನಾಲ್ಕನೆಯ ಮೂಲೆ

ನಡೆಯುವುದೆಂದರೆ ನನಗೆ ಆಗದು. ಆಫೀಸಿಗೆ ಬಸ್ಸಿದೆ, ಬಸ್‌ಸ್ಟಾಪಿನ ತನಕ ಕಾಲಿದೆ, ಅಷ್ಟು ಸಾಕು ಎನ್ನುವ ಪೈಕಿಯವನು ನಾನು. ಇಂಥ ಕೊಟ್ರಪ್ಪನಿಗೆ ಕಾರಣವಿಲ್ಲದೆ ಬಯಲು ಸುತ್ತುವ ಹೆಂಡತಿಯನ್ನು ಗಂಟು ಹಾಕಿದನಲ್ಲ, ಆ ದೇವರಿಗೆ ತಮಾಷೆ ಜಾಸ್ತಿ ಇರಬೇಕು.

ಅರವತ್ತೆರಡನೆಯ ಇಸವಿಯ ಬೇಸಿಗೆ. ನನಗೆ ಬೆಂಗಳೂರಿಗೆ ವರ್ಗವಾಗಿ, ಕೊಟ್ಟೂರಿನಿಂದ ಬಂದು ಜಯನಗರದ ಅಂಚಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಮನೆಯ ಮುಂದೆ ಹೊಸ ರಸ್ತೆ, ಹಿಂದೆ ಬಯಲು. ಬಯಲಿನ ತುಂಬ ಸೈಟುಗಳ ಗುರುತಿಗೆ ನೆಟ್ಟ ಕಲ್ಲುಗಳು. ಅದರಾಚೆ ಬೈರಸಂದ್ರದ ಹುಣಸೆ ಮರಗಳು, ಹಂಚಿನ ಮನೆಗಳು. ನನ್ನ ಹೆಂಡತಿ ಜಯದೇವಿ ಏಳು ತಿಂಗಳ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವಳ ಅವ್ವ ಎಂದೋ ತೀರಿಕೊಂಡಿದ್ದರು. ಉಳಿದದ್ದು ಹರಪನಹಳ್ಳಿಯಲ್ಲಿರುವ ನನ್ನ ಅಕ್ಕ ಒಬ್ಬಳೇ. ಅಕ್ಕ ಕೆಟ್ಟವಳಲ್ಲ. ಆದರೆ ಅವಳ ಮನೆಯಲ್ಲಿ ಒಂದು ಲೋಟ ಇಡುವುದಕ್ಕೂ ಕ್ರಮವಿದೆ, ಆ ಕ್ರಮ ಅವಳೊಬ್ಬಳಿಗೇ ಗೊತ್ತು. ಮಡಿ, ಮೈಲಿಗೆ, ಯಾರ ಕೈಯ ಊಟ, ಎಲ್ಲಕ್ಕೂ ಪ್ರಶ್ನೆ.

"ಅಲ್ಲಿಗೆ ಮಾತ್ರ ಕಳಸಬ್ಯಾಡ್ರಿ. ನಾ ಇಲ್ಲೇ ಇರ್ತೀನಿ" ಎಂದಳು ಜಯದೇವಿ.

"ಇಲ್ಲಿ ನಿನ್ನ ನೋಡಾಕೆ ಒಬ್ಬ ಹಿರಿಯ ಹೆಣಮಗಳು ಸಿಕ್ಕರ ಇರು. ಸಿಗಲಿಲ್ಲಂದ್ರ ಎಂಟು ತುಂಬೋದ್ರಾಗ ರೈಲು ಹತ್ತಸ್ತೀನಿ" ಎಂದೆ. ನನಗೂ ಒಳಗೊಳಗೇ ಭಯವಿತ್ತು. ಅವಳಿಗೆ ನೋವು ಶುರುವಾದಾಗ ನಾನು ಆಫೀಸಿನಲ್ಲಿ ಇದ್ದರೆ ಏನು ಗತಿ?

ಆ ಹಿರಿಯ ಹೆಣ್ಣುಮಗಳು ನಮ್ಮ ಕಾಂಪೌಂಡಿನ ಆಚೆಯೇ ಸಿಕ್ಕಿದರು. ಬೈರಸಂದ್ರದ ಸೊಣ್ಣಮ್ಮ. ಐವತ್ತು ದಾಟಿದ ವಿಧವೆ, ಗಟ್ಟಿ ಆಳು, ಮಾತು ಇನ್ನೂ ಗಟ್ಟಿ. ಒಂದು ಮಳೆ ಬಿದ್ದ ಮಾರನೆಯ ದಿನ ಬಯಲಿನಲ್ಲಿ ಬಗ್ಗಿ ಸೊಪ್ಪು ಚಿವುಟಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಜಯದೇವಿ ಗೇಟು ತೆರೆದು ಹೊರಗೆ ಹೋದವಳು ಹೊತ್ತು ಏರುವವರೆಗೆ ಮರಳಲಿಲ್ಲ. ಬಂದಾಗ ಅವಳ ಮಡಿಲೂ ತುಂಬಿತ್ತು.

ಅಲ್ಲಿಂದ ದಿನವೂ ಇಬ್ಬರ ಸವಾರಿ ಹೊರಟಿತು. ಕೆರೆಯ ತೇವದಲ್ಲಿ ಹೊನಗೊನೆ, ಬಯಲಿನಲ್ಲಿ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಮರದ ಕೆಳಗೆ ನಿಂತು ಕೊಂಬೆ ಬಗ್ಗಿಸಿದರೆ ಹುಣಸೆ ಚಿಗುರು. ಅದನ್ನು ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿ ನಗುತ್ತ ಬರುವ ನನ್ನ ಹೆಂಡತಿಯನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚು. ನಾನು ಕರೆದರೆ ಬಸ್‌ಸ್ಟಾಪಿಗೂ ಬಾರದವಳು! ಸೊಣ್ಣಮ್ಮ ತಮ್ಮ ಮನೆಯಲ್ಲಿ ಮಾಡಿದ್ದನ್ನು ಎಂದೂ ಕೊಡಲಿಲ್ಲ. ನಾವು ಲಿಂಗಾಯತರು, ಅವರ ಕೈಯ ಅಡುಗೆ ಉಣ್ಣುವುದಿಲ್ಲ ಎಂದು ಅವರೇ ತಿಳಿದುಕೊಂಡಿದ್ದರು. "ಅಸಿ ಸೊಪ್ಪಿಗೆ ಯಾವ ಮೈಲಿಗೆ, ತಗಾ" ಎಂದು ಸೊಪ್ಪನ್ನು ಮಾತ್ರ ಧಾರಾಳವಾಗಿ ಕೊಡುತ್ತಿದ್ದರು.

ಮಧ್ಯಾಹ್ನ ನಮ್ಮ ವರಾಂಡದಲ್ಲಿ ಹೊಲಿಗೆ. ಹುಟ್ಟುವ ಮಗುವಿಗೆ ಜಯದೇವಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಒಳಗೊಳಗೆ ಸಣ್ಣ ಹೊಲಿಗೆ ಹಾಕುತ್ತ ಹೋಗುವುದು ನಮ್ಮ ಕಡೆಯ ಪದ್ಧತಿ. ನನ್ನ ಒಂದು ಒಳ್ಳೆಯ ಅಂಗಿಯೂ ಅದಕ್ಕೆ ಆಹುತಿಯಾಯಿತು.

"ಇಷ್ಟೊಂದು ಚಿಂದಿ ಯಾತಕ್ಕವ್ವಾ? ಅಂಗಡೀಲಿ ಒಳ್ಳೆ ರಗ್ಗು ಸಿಗಾಕಿಲ್ವಾ?" ಎಂದು ನಕ್ಕ ಸೊಣ್ಣಮ್ಮ ಮರುದಿನ ತಮ್ಮದೇ ಒಂದು ಹಳೆಯ ನೂಲಿನ ಸೀರೆ ತಂದುಕೊಟ್ಟರು. "ಒಗ್ದೂ ಒಗ್ದೂ ಬೆಣ್ಣೆ ಆಗೈತೆ. ಕೂಸಿನ ಮೈಗೆ ತಗಲೋ ಕಡೆ ಆಕು." ಜಯದೇವಿ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಬಾಣಂತನದ ಮಾತನ್ನು ಅವರ ಹತ್ತಿರ ಇವತ್ತು ಕೇಳುತ್ತೇನೆ, ನಾಳೆ ಕೇಳುತ್ತೇನೆ ಎಂದು ದಿನ ದೂಡುತ್ತಿದ್ದಳು.

ಅಷ್ಟರಲ್ಲಿ ಎಡವಟ್ಟಾಯಿತು. ಸೊಣ್ಣಮ್ಮ ನೆಂಟರ ಮದುವೆಗೆಂದು ಉತ್ತರಹಳ್ಳಿಗೆ ಹೋದರು. ಅವರು ಬರುವಷ್ಟರಲ್ಲಿ ಏನಾದರೂ ಮಾಡಿ ಮೆಚ್ಚಿಸಬೇಕು ಎಂದು ನಮ್ಮವಳಿಗೆ ಹುರುಪು. ಒಬ್ಬಳೇ ಬಯಲಿಗೆ ಹೋಗಿ, ಸೊಣ್ಣಮ್ಮ ದಿನವೂ ಮೊದಲು ಬಗ್ಗುವ ಜಾಗದ ಸೊಪ್ಪನ್ನೆಲ್ಲ ಬೇರು ಸಮೇತ ಕಿತ್ತು, ತೊಳೆದು, ಕಟ್ಟು ಕಟ್ಟಿ ಅವರ ಜಗುಲಿಯ ಮೇಲೆ ಇಟ್ಟು ಬಂದಳು. ನಮ್ಮೂರ ಸಂತೆಯಲ್ಲಿ ಮೆಂತ್ಯ ಆಗಲಿ ರಾಜಗಿರಿ ಆಗಲಿ ಬೇರಿನೊಂದಿಗೇ ಬರುವುದು. ಬೇರಿದ್ದರೆ ತಾಜಾ, ಇಲ್ಲದಿದ್ದರೆ ನಿನ್ನೆಯದು. ಅವಳ ಲೆಕ್ಕದಲ್ಲಿ ಅದು ಮರ್ಯಾದೆಯ ಉಡುಗೊರೆ.

ಭಾನುವಾರ ಬೆಳಿಗ್ಗೆ ಸೊಣ್ಣಮ್ಮ ಆ ಕಟ್ಟುಗಳನ್ನೆಲ್ಲ ಹಿಡಿದುಕೊಂಡು ನಮ್ಮ ಗೇಟಿಗೆ ಬಂದರು. ನಾನು ವರಾಂಡದಲ್ಲಿ ಕಾಫಿ ಕುಡಿಯುತ್ತಿದ್ದೆ.

"ನೀನೇನವ್ವಾ ಕಿತ್ತಿದ್ದು?"

"ಹೌದ್ರಿ, ನಿಮಗಂತನ..." ಜಯದೇವಿ ನಗುತ್ತಲೇ ಹೊರಗೆ ಬಂದಳು.

"ಅದು ನಮ್ಮ ರಾಗಿ ಒಲ ಆಗಿತ್ತು ಕಣವ್ವ. ಲೇಔಟ್‌ನೋರು ಬಂದು ಕಲ್ಲು ನೆಟ್ರು. ಅಂಗಾದ್ರೂ ಬೇರು ಉಳಿಸಿದ್ರು. ತುದಿ ಚಿವುಟಿದ್ರೆ ಮತ್ತೆ ಚಿಗುರ್ತಿತ್ತು. ಈಗ ಅಲ್ಲಿ ಏನೈತೆ ಅಂತ ನಾನು ಓಗ್ಲಿ?"

ಕಟ್ಟುಗಳನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದರು. ಅವರು ಕಿರುಚಾಡಿದ್ದರೆ ಚೆನ್ನಾಗಿತ್ತು. ಕಣ್ಣು ತುಂಬಿತ್ತು.

ಅಷ್ಟು ದಿನ ಅದು ಅವರ ಹೊಲ ಎಂದು ಅವರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಜಯದೇವಿ ಮೊದಲು ಸಿಟ್ಟಾದಳು. "ಹುಲ್ಲಿನಂಥಾ ಸೊಪ್ಪಿಗೆ ಇಷ್ಟ್ಯಾಕ್ರಿ?" ಎಂದಳು. ಆಮೇಲೆ ಬಯಲಿಗೆ ಹೋಗಿ ಬೋಳಾದ ಜಾಗ ನೋಡಿ ಬಂದು ಅತ್ತಳು. ನಾನು ಬುದ್ಧಿವಂತನಂತೆ, "ಹೋಗ್ಲಿ ಬಿಡು, ಹೆಂಗೂ ಅಕ್ಕನ ಮನಿಗೆ ಹೋಗ್ತಿಯಲ್ಲ" ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಸಂಜೆ ನೋಡಿದರೆ ಅವಳು ಮನೆಯಲ್ಲಿಲ್ಲ. ಬಯಲಿನಲ್ಲಿ ಕಲ್ಲುಗಳ ನಡುವೆ ಕೂತು, ತುಂಬಿದ ಹೊಟ್ಟೆ ಹೊತ್ತುಕೊಂಡು, ಕಿತ್ತ ಗಿಡಗಳನ್ನು ಒಂದೊಂದಾಗಿ ಮತ್ತೆ ನೆಡುತ್ತಿದ್ದಳು. ಪಕ್ಕದಲ್ಲಿ ನೀರಿನ ಚೆಂಬು. ಆ ಬಿಸಿಲಿಗೆ ಕಾದ ನೆಲಕ್ಕೆ ಒಂದು ಚೆಂಬು ನೀರು ಯಾವ ಮೂಲೆಗೆ? ಎದ್ದು ಮತ್ತೊಂದು ಚೆಂಬು ತರಲು ಹೊರಟಾಗ ಸೊಂಟ ಹಿಡಿದುಕೊಂಡು ನಿಂತಳು. ನಾನು ಓಡಿದೆ.

"ಕೂಡು ಅಲ್ಲೇ. ನಾ ತರ್ತೀನಿ."

ಹೀಗೆ ಈ ಕೊಟ್ರಪ್ಪ, ನಡೆಯುವುದೆಂದರೆ ಆಗದವನು, ಬಕೆಟ್ಟು ಹೊರುವವನಾದ. ಆಫೀಸಿನಿಂದ ಬಂದವನೇ ಪ್ಯಾಂಟು ಮಡಿಸಿ, ನಲ್ಲಿಯಿಂದ ಬಯಲಿಗೆ, ಬಯಲಿನಿಂದ ನಲ್ಲಿಗೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. "ಏನ್ ಸಾರ್, ಹೂವಿನ ತೋಟನಾ?" ಎಂದು ಒಬ್ಬ ಕೇಳಿದ. "ಹೌದಪ್ಪಾ, ಲಾಲ್‌ಬಾಗಿಗೆ ಜಾಗ ಸಾಲಲಿಲ್ಲವಂತೆ" ಎಂದೆ. ಮಾನ ಹೋದ ಮೇಲೆ ಮಾತಿಗೇನು ಬರ.

ಅಣ್ಣೆ ಸೊಪ್ಪು ಬಾಡಿತು, ಗೋಣಿ ಸೊಪ್ಪು ಕಪ್ಪಾಯಿತು. ನಾನು ಕೈಬಿಡಬೇಕೆಂದಿದ್ದ ಸಂಜೆ ಜಯದೇವಿ ಅಲ್ಲಿಂದ ಕೂಗಿದಳು. ಕಟ್ಟಿನಲ್ಲಿ ಸೇರಿಕೊಂಡಿದ್ದ ಹೊನಗೊನೆ ಗೆಣ್ಣು ಗೆಣ್ಣಿನಲ್ಲೂ ಬೇರು ಬಿಟ್ಟು ಚಿಗುರಿತ್ತು. ಅಷ್ಟು ಪುಟ್ಟ ಎಲೆ. ನನಗೆ ಬಡ್ತಿ ಸಿಕ್ಕಾಗಲೂ ಅಷ್ಟು ಖುಷಿಯಾಗಿರಲಿಲ್ಲ, ಸುಳ್ಳೇಕೆ ಹೇಳಲಿ.

ಬಗ್ಗಿದ್ದವರು ತಲೆ ಎತ್ತಿದರೆ ಸೊಣ್ಣಮ್ಮ ನಿಂತಿದ್ದಾರೆ. ಎಷ್ಟು ದಿನದಿಂದ ದೂರದಿಂದ ನೋಡುತ್ತಿದ್ದರೋ.

"ಸಾಮಿ, ಬುಡಕ್ಕೆ ಅಷ್ಟು ನೀರು ಉಯ್ದ್ರೆ ಕೊಳೀತದೆ" ಎಂದರು ನನಗೆ. ಆಮೇಲೆ ಜಯದೇವಿಯ ಕಡೆ ತಿರುಗಿ, "ಎದ್ದೇಳು ಮಗಾ. ಈ ಒಟ್ಟೆ ಇಟ್ಕೊಂಡು ಕುಕ್ಕರುಗಾಲಲ್ಲಿ ಕೂರಬಾರ್ದು" ಎಂದು ತೋಳು ಹಿಡಿದು ಎಬ್ಬಿಸಿದರು.

ವರಾಂಡಕ್ಕೆ ಬಂದು ಕೂತು, ನೀರು ಕುಡಿದು, ಮಡಿಸಿಟ್ಟ ಕೌದಿ ಬಿಡಿಸಿ ನೋಡಿದರು. "ಮುಗೀತಾ?"

"ಇಲ್ರಿ. ನಾಕನೇ ಮೂಲಿ ಬಾಕಿ ಐತಿ."

"ಅದೊಂದು ಯಾಕೆ ಬಿಟ್ಟೆ?"

ಜಯದೇವಿ ತಲೆ ಬಗ್ಗಿಸಿದಳು. "ನಮ್ಮ ಮನ್ಯಾಗ ಕಡೇ ಮೂಲಿಗೆ ಒಂದು ಹಿಡಿ ಕಾಳು ಹಾಕ್ತಾರ್ರಿ. ಕೌದಿ ಹಸದಿರಬಾರದು ಅಂತ. ಕಾಳು ಹಾಕಿ ಮೂಲಿ ಹೊಲಿಯಾಕಿ ಅವ್ವ. ನನಗ ಅವ್ವ ಇಲ್ಲಲ್ರಿ."

ಸೊಣ್ಣಮ್ಮ ಎದ್ದು ಹೋದರು. ಜಯದೇವಿಯ ಮುಖ ನೋಡಲಾಗದೆ ನಾನು ಕೈಯಲ್ಲಿದ್ದ ಬಕೆಟ್ಟನ್ನೇ ನೋಡುತ್ತ ನಿಂತೆ. ದೀಪ ಹಚ್ಚುವ ಹೊತ್ತಿಗೆ ಗೇಟು ಸದ್ದಾಯಿತು. ಸೊಣ್ಣಮ್ಮನ ಸೆರಗಿನ ತುದಿಯಲ್ಲಿ ಗಂಟು. ಬಿಚ್ಚಿದರೆ ರಾಗಿ.

"ಆ ಒಲದಲ್ಲಿ ಕೊನೇ ಸಲ ಬೆಳೆದದ್ದು. ಬಿತ್ತನೆಗೆ ಅಂತ ಎತ್ತಿಟ್ಟಿದ್ದೆ. ಒಲನೇ ಇಲ್ಲ, ಎಲ್ಲಿ ಬಿತ್ತಲಿ? ಇಲ್ಲೇ ಆಕ್ತೀನಿ" ಎಂದು ರಾಗಿಯನ್ನು ಮೂಲೆಯೊಳಗೆ ಸುರಿದು, ಸೂಜಿ ತೆಗೆದುಕೊಂಡರು. ಅವರಿಗೆ ಹೊಲಿಗೆ ಬಾರದು. ಉದ್ದುದ್ದ ಸೊಟ್ಟ ಹೊಲಿಗೆ. ಜಯದೇವಿಯ ಕಣ್ಣೀರು ಕೌದಿಯ ಮೇಲೆ ಬೀಳುತ್ತಿತ್ತು, ಅವಳು ಒರೆಸಿಕೊಳ್ಳಲೂ ಇಲ್ಲ.

ಗಂಟು ಹಾಕಿ ದಾರ ಹಲ್ಲಿನಿಂದ ಕಡಿದು ಸೊಣ್ಣಮ್ಮ ನನ್ನ ಕಡೆ ನೋಡಿದರು. "ಇವಳ್ನ ಅದೆಲ್ಲಿಗೋ ಕಳಿಸ್ತೀರಂತೆ? ಈಗ ತಾನೇ ಬೇರು ಬಿಡ್ತಾವ್ಳೆ. ಕೀಳಬೇಡಿ ಸಾಮಿ. ಬಾಣಂತನ ನಾನು ನೋಡ್ಕೋತೀನಿ."

ನಾನು ಕೈ ಮುಗಿದೆ.

ಆಷಾಢದ ಒಂದು ಬೆಳಗಿನ ಜಾವ ಮಗಳು ಹುಟ್ಟಿದಳು. ಅಂದಿನಿಂದ ನಮ್ಮ ಅಡುಗೆಮನೆಯೂ ಸೊಣ್ಣಮ್ಮನ ಕೈಗೆ ಬಂತು. ತೊಟ್ಟಿಲ ಶಾಸ್ತ್ರಕ್ಕೆ ಹರಪನಹಳ್ಳಿಯಿಂದ ಅಕ್ಕ ಬಂದಳು. ಮಗುವನ್ನು ನೋಡಿ, ಕೌದಿಯನ್ನು ನೋಡಿ, ಸೊಟ್ಟ ಮೂಲೆಯ ಹತ್ತಿರ ಮೂಗು ಮುರಿದು, ಊಟಕ್ಕೆ ಕೂತಳು. ಬಿಸಿ ಅನ್ನ, ಹೊನಗೊನೆ ಸೊಪ್ಪಿನ ಬಸ್ಸಾರು. ಅಡುಗೆಮನೆಯ ಬಾಗಿಲಲ್ಲಿ ಸೊಣ್ಣಮ್ಮ ಸೌಟು ಹಿಡಿದು ಹಿಂದೆ ಸರಿದು ನಿಂತಿದ್ದರು. ಅಕ್ಕ ತುತ್ತು ಕಲಸಿದವಳು ಕೈ ನಿಲ್ಲಿಸಿ, ನಾನು ಹೆದರುತ್ತಿದ್ದ ಪ್ರಶ್ನೆಯನ್ನು ಕೇಳಿಯೇ ಬಿಟ್ಟಳು.

"ಯಾರ ಕೈದು ಇದು?"

"ನಮ್ಮವ್ವನ ಕೈದು" ಎಂದಳು ಜಯದೇವಿ.

ಅಕ್ಕ ಅವಳ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಉಂಡಳು, ಇನ್ನೊಂದು ಸೌಟು ಸಾರನ್ನೂ ಹಾಕಿಸಿಕೊಂಡಳು.