ಕಾಣೆಯಾದ ಹತ್ತು ಕಿಲೋಮೀಟರ್

"ಇನ್ನೂ ಹಿಡಿಯುತ್ತೆ, ಹಾಕಪ್ಪ," ಎಂದ ಮಾವ, ಟ್ಯಾಂಕಿನ ಬಾಯಿಗೆ ಇಟ್ಟ ಕಿವಿಯನ್ನು ತೆಗೆಯದೆ.

ಬಂಕಿನವ ಹಾಕಿದ. ನೊರೆ ಉಕ್ಕಿತು, ಇಳಿಯಿತು. ಮಾವ ಹಿಂದಿನ ಹಲಗೆ ಹಿಡಿದು, ಮೂವತ್ತು ಮೂಟೆ ಸಿಮೆಂಟ್ ಹೊತ್ತಿದ್ದ ಪಿಕಪ್ಪನ್ನು ತೊಟ್ಟಿಲು ತೂಗಿದ ಹಾಗೆ ತೂಗಿದ. ಟ್ಯಾಂಕಿನ ಮೂಲೆಯಲ್ಲಿ ಅಡಗಿದ್ದ ಗಾಳಿ ಗುಳುಗುಳು ಎಂದು ಹೊರಬಂತು. ಮತ್ತೆ ಹಾಕಿಸಿದ. ಹಿಂದೆ ಸಾಲುಗಟ್ಟಿ ನಿಂತ ಗಾಡಿಗಳ ಹಾರನ್ನಿಗೆ ಬಂಕಿನ ಚಾವಣಿ ಹಾರಿಹೋಗುವುದೊಂದು ಬಾಕಿ ಇತ್ತು. ಡೀಸೆಲ್ ತುಟಿಯವರೆಗೆ ಬಂದು ತುಳುಕಿದ ಮೇಲೆಯೇ ಮಾವ ಮುಚ್ಚಳ ತಿರುಗಿಸಿ, ಅದಕ್ಕೆ ಬಟ್ಟೆ ಕಟ್ಟಿ, ಬಟ್ಟೆಯ ಮೇಲೆ ಏಳು ಗಂಟು ಹಾಕಿದ. ಅಳಿಯ ಕೈಕಟ್ಟಿ ನೋಡುತ್ತಾ ನಿಂತಿದ್ದ. ಆ ಏಳು ಗಂಟೂ ತನ್ನ ಕುತ್ತಿಗೆಗೇ ಬಿದ್ದ ಹಾಗಾಗಿತ್ತು ಅವನಿಗೆ.

ಮಾವ ಸಾಮಾನ್ಯ ಮನುಷ್ಯನಲ್ಲ. ಪಿಕಪ್ ಸ್ಟ್ಯಾಂಡಿನಲ್ಲಿ ಅವನ ನಿಜವಾದ ಹೆಸರು ಅವನಿಗೇ ಮರೆತುಹೋಗಿತ್ತು. ಎಲ್ಲರೂ 'ಹದಿನಾಲ್ಕು' ಎಂದೇ ಕರೆಯುತ್ತಿದ್ದರು. ಒಂದೂವರೆ ಟನ್ ಹೇರಿಕೊಂಡು ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಓಡಿಸಿದ ಭೂಪ ಈ ಭೂಮಂಡಲದಲ್ಲಿ ಇನ್ನೊಬ್ಬನಿಲ್ಲ. ಬೇರೆಯವರ ಗಾಡಿಗಳು ಡೀಸೆಲ್ ಕುಡಿಯುತ್ತಿದ್ದವು, ಅವನದು ಬರೀ ವಾಸನೆ ಹಿಡಿದು ಓಡುತ್ತಿತ್ತು. ಮಲಗಿರುವ ಬೆಕ್ಕಿನ ಬಾಲದ ಮೇಲೆ, ಬೆಕ್ಕಿಗೆ ಎಚ್ಚರವಾಗದ ಹಾಗೆ, ಕಾಲಿಟ್ಟಂತೆ ಆಕ್ಸಿಲರೇಟರ್ ಒತ್ತಬೇಕು ಎಂಬುದು ಅವನ ಉಪದೇಶ. ಅವನ ಬಲಗಾಲನ್ನು ನೋಡಲೆಂದೇ ದೂರದೂರುಗಳ ಡ್ರೈವರುಗಳು ಬರುತ್ತಿದ್ದರು. ಕೆಲವರು ಚಪ್ಪಲಿಯ ಅಳತೆಯನ್ನೂ ಬರೆದುಕೊಂಡು ಹೋಗುತ್ತಿದ್ದರು.

ಆ ಮಹಾನ್ ಕಾಲಿನ ಮಂಡಿಯೇ ಕೈಕೊಟ್ಟಿದ್ದರಿಂದ ನಾಲ್ಕು ತಿಂಗಳ ಹಿಂದೆ ಗಾಡಿಯ ಕೀಲಿ ಅಳಿಯನ ಕೈಗೆ ಬಂತು. ಮಾವ ಕೀಲಿಯನ್ನು ಬರಿಗೈಯಲ್ಲಿ ಕೊಡಲಿಲ್ಲ. ತಾನು ವರ್ಷಾನುಗಟ್ಟಲೆ ಗುಜರಿ ವ್ಯಾನಿನ ಸಣ್ಣ ಚಕ್ರಗಳ ಮೇಲೇ ಓಡಿಸಿದವನು, ಅಳಿಯನಿಗೆಂದು ನಾಲ್ಕೂ ಕಡೆ ದೊಡ್ಡ ಟಯರು ಹಾಕಿಸಿದ. ಗಾಡಿ ಮದುವಣಿಗನ ಹಾಗೆ ಎದೆಯೆತ್ತಿ ನಿಂತಿತು. ಅಂದಿನಿಂದಲೇ ಮೈಲೇಜ್ ಹನ್ನೆರಡಕ್ಕೆ ಬಿತ್ತು.

ಮೊದಲ ತಿಂಗಳು ಮಾವ ನಕ್ಕ. ಎರಡನೆಯ ತಿಂಗಳು ಫಿಲ್ಟರ್ ಬದಲಾಯಿಸಿದ. ಮೂರನೆಯ ತಿಂಗಳು ಅಳಿಯ ಮನೆಗೆ ಬಂದಾಗಲೆಲ್ಲ ಅವನ ಅಂಗಿಯ ಹತ್ತಿರ ಮೂಗು ತರತೊಡಗಿದ. ನಾಲ್ಕನೆಯ ತಿಂಗಳು ಬಹುವಚನ ಶುರುವಾಯಿತು. ಹುಟ್ಟಿದಾರಭ್ಯ ಯಾರನ್ನೂ 'ನೀವು' ಎನ್ನದ ಮನುಷ್ಯ, "ಅಳಿಯಂದಿರು ಊಟ ಮಾಡಿದ್ರಾ?" ಎಂದು ಕೇಳುವಾಗ ಅಳಿಯನಿಗೆ ಬಾಯಲ್ಲಿದ್ದ ತುತ್ತು ಕಲ್ಲಾಗುತ್ತಿತ್ತು. ಡೀಸೆಲನ್ನು ದಾರಿಯಲ್ಲಿ ಯಾರಿಗೋ ಮಾರಿಕೊಳ್ಳುತ್ತಿದ್ದಾನೆ ಎಂದು ಮಾವ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಅಳಿಯ ಅದನ್ನೂ ಸಹಿಸಿಕೊಂಡಿದ್ದ. ಆದರೆ ಮೊನ್ನೆ ಬೆಳಗ್ಗೆ ಹೆಂಡತಿ ಬಟ್ಟೆ ಮಡಿಸುತ್ತಾ, ಮುಖವೆತ್ತದೆ, "ಅಪ್ಪನಿಗೆ ಬರ್ತಿದ್ದದ್ದು ನಿಮಗ್ಯಾಕೆ ಬರಲ್ಲ? ನನ್ನ ಹತ್ರನಾದ್ರೂ ನಿಜ ಹೇಳಿ," ಎಂದಳು. ಅವನು ಎಷ್ಟು ತಬ್ಬಿಬ್ಬಾದನೆಂದರೆ, ಒಂದು ಗಳಿಗೆ ತಾನೇ ನಿದ್ದೆಗಣ್ಣಿನಲ್ಲಿ ಎದ್ದು ಹೋಗಿ ಮಾರಿ ಬರುತ್ತಿರಬಹುದೇ ಎಂದು ಯೋಚಿಸಿದ. ಕದಿಯದವನಿಗೆ ತಾನು ಕದ್ದಿಲ್ಲವೆಂದು ತೋರಿಸಲು ಯಾವ ಸಾಕ್ಷಿಯಿದೆ? ಕೊನೆಗೆ ತಾನೇ ಮಾವನನ್ನು ಕರೆದ: ಒಂದು ದಿನ ಜೊತೆಗೆ ಬನ್ನಿ, ಸಿಮೆಂಟ್ ಡಿಪೋದಿಂದ ಮೂಟೆ ಇಳಿಸುವ ಅಂಗಡಿಯವರೆಗೆ ಪಕ್ಕದಲ್ಲೇ ಕೂತು ನೋಡಿ. ಮಾವ ಒಪ್ಪಿದ. ಹದಿನಾಲ್ಕು ಬಂದರೆ ಸರಿ, ಬಾರದಿದ್ದರೆ ಅಲ್ಲೇ ಕೀಲಿ ಕೊಟ್ಟು ಬಸ್ಸಿನಲ್ಲಿ ಬರಬೇಕು ಎಂದ.

ಹಾಗಾಗಿ ಆ ಏಳು ಗಂಟು. ಮೀಟರನ್ನು ಸೊನ್ನೆಗೆ ತಂದು ಡಿಪೋ ಪಕ್ಕದ ಆ ಬಂಕಿನಿಂದ ಹೊರಟರು.

ದಾರಿಯುದ್ದಕ್ಕೂ ಮಾವ ರೆಪ್ಪೆ ಬಡಿಯಲಿಲ್ಲ. ಒಂದು ಕಣ್ಣು ಅಳಿಯನ ಬಲಗಾಲಿನ ಮೇಲೆ, ಇನ್ನೊಂದು ಕನ್ನಡಿಯಲ್ಲಿ ಕಾಣುವ ಟ್ಯಾಂಕಿನ ಕಡೆಗೆ. ಎರಡು ಕಣ್ಣೂ ಒಟ್ಟಿಗೆ ರಸ್ತೆ ನೋಡಿದ್ದೇ ಇಲ್ಲ. ಅಳಿಯ ಏರು ಹತ್ತುವ ಮೊದಲೇ ಗೇರ್ ಇಳಿಸಿದ, ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟ, ಬ್ರೇಕ್ ತುಳಿಯಬೇಕಾಗದ ಹಾಗೆ ಅರ್ಧ ಮೈಲಿ ಮೊದಲೇ ಕಾಲೆತ್ತಿದ. ಬೆಕ್ಕಿಗೆ ಎಚ್ಚರವಾಗುವುದಿರಲಿ, ಅದು ಕನಸು ಕಾಣುತ್ತಿತ್ತು. ಮಾವನ ತಲೆ ಎರಡು ಮೂರು ಸಲ ತನಗೆ ತಿಳಿಯದೆಯೇ ಮೆಚ್ಚಿ ಆಡಿತು. ತಿಳಿದ ಕೂಡಲೇ ಕತ್ತು ನೆಟ್ಟಗಾಯಿತು.

ಅಂಗಡಿಯ ಎದುರಿನ ಬಂಕಿನಲ್ಲಿ ನಿಲ್ಲಿಸಿ, ಗಂಟು ಬಿಚ್ಚಿ, ಮತ್ತೆ ತುಟಿಯವರೆಗೆ ತುಂಬಿಸಿದರು. ಅದೇ ಕಿವಿ, ಅದೇ ತೂಗಾಟ. ಹಿಡಿದದ್ದು ನಾಲ್ಕು ಲೀಟರು, ಆರುನೂರು ಮಿಲಿ.

ಮಾವನ ಮುಖ ಅರಳಿತು. "ಇದೇ. ನನಗೂ ಇಷ್ಟೇ ಹಿಡೀತಿತ್ತು. ಈ ದಾರಿ ಅರವತ್ತೈದು ಕಿಲೋಮೀಟರು, ನಾಲ್ಕೂ ಚಿಲ್ಲರೆ ಲೀಟರು. ಲೆಕ್ಕ ಹಾಕು, ಹದಿನಾಲ್ಕು." ಬಹುವಚನ ಶುರುವಾದ ಮೇಲೆ ಮೊದಲ ಸಲ ಏಕವಚನ. ಅಳಿಯನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ಅಷ್ಟರಲ್ಲಿ ಮಾವ ಬಗ್ಗಿ ಮೀಟರ್ ನೋಡಿದ.

ಐವತ್ತೈದು.

ಕನ್ನಡಕ ಒರೆಸಿ ನೋಡಿದ. ಕನ್ನಡಕ ತೆಗೆದು ನೋಡಿದ. ಅಳಿಯನಿಂದ ಓದಿಸಿದ, ಬಂಕಿನವನಿಂದಲೂ ಓದಿಸಿದ. ಐವತ್ತೈದೇ. ಅದೇ ಡಿಪೋ, ಅದೇ ಅಂಗಡಿ, ಅದೇ ಡೀಸೆಲ್. ನಡುವಿನ ಹತ್ತು ಕಿಲೋಮೀಟರ್ ಮಂಗಮಾಯ. ಅಡ್ಡದಾರಿ ಹಿಡಿದೆವಾ ಎಂದು ಕೇಳಿದ; ಹಿಡಿದಿರಲಿಲ್ಲವೆಂದು ಅವನಿಗೇ ಗೊತ್ತಿತ್ತು. ತಾನು ಎಲ್ಲಾದರೂ ತೂಕಡಿಸಿದೆನಾ ಎಂದು ಕೇಳಿದ.

"ಡೀಸೆಲ್ ಕದಿಯೋರನ್ನ ಕಂಡಿದ್ದೀನಿ," ಎಂದ ಮಾವ ನಿಧಾನವಾಗಿ. "ರಸ್ತೆ ಕದಿಯೋರನ್ನ ಇವತ್ತೇ ನೋಡಿದ್ದು."

"ಕದ್ದು ಎಲ್ಲಿಡಲಿ ಮಾವ?" ಎಂದ ಅಳಿಯ. ಅವನಿಗೂ ನಿಜವಾಗಿಯೂ ತಿಳಿಯಬೇಕಿತ್ತು.

ಮೀಟರಿನ ಕೇಬಲ್ ಕೆಟ್ಟಿರಬೇಕೆಂದು ಇಬ್ಬರೂ ಪಕ್ಕದ ಟಯರ್ ಅಂಗಡಿಗೆ ಹೋದರು. ದೊಡ್ಡ ಟಯರು ಹಾಕಿಕೊಟ್ಟವನು ಅವನೇ. ಕಥೆ ಕೇಳಿ ಅವನು ಕೇಬಲ್ ಮುಟ್ಟಲೂ ಇಲ್ಲ. ಗಾಡಿಯ ಸ್ಟೆಪ್ನಿ ಇಳಿಸಿದ, ಅದೂ ದೊಡ್ಡದೇ. ಅಂದು ಬಿಚ್ಚಿಕೊಂಡ ಸಣ್ಣ ಚಕ್ರವೊಂದಕ್ಕೆ ಬಿಳಿ ಬಣ್ಣ ಬಳಿದು 'ಪಂಕ್ಚರ್' ಎಂದು ಬರೆದು ಬಾಗಿಲಲ್ಲಿ ನೇತುಹಾಕಿದ್ದ, ಅದನ್ನೂ ಇಳಿಸಿದ. ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಎರಡನ್ನೂ ಗೆರೆಯಿಂದ ಸರಿಯಾಗಿ ಒಂದೊಂದು ಸುತ್ತು ಉರುಳಿಸಿ, ನಿಂತಲ್ಲಿ ಗುರುತು ಹಾಕಿದ. ದೊಡ್ಡದು ಒಂದು ಗೇಣಿಗಿಂತ ಮುಂದೆ ನಿಂತಿತ್ತು.

"ಮೀಟರಿಗೆ ರಸ್ತೆ ಕಾಣಲ್ಲ ಯಜಮಾನ್ರೇ," ಎಂದ. "ಚಕ್ರ ಎಷ್ಟು ಸುತ್ತು ಸುತ್ತಿತು ಅಂತ ಕಂಪನಿ ಚಕ್ರದ ಲೆಕ್ಕದಲ್ಲಿ ಎಣಿಸುತ್ತೆ, ಅಷ್ಟೆ. ದೊಡ್ಡ ಚಕ್ರ ಕಮ್ಮಿ ಸುತ್ತುತ್ತೆ, ಮೀಟರು ಕಮ್ಮಿ ಹೇಳುತ್ತೆ. ರಸ್ತೆ ಬದಿ ಕಲ್ಲು ನೋಡಿ, ಡಿಪೋದಿಂದ ಇಲ್ಲಿಗೆ ಅರವತ್ತು."

ಆ ಕಲ್ಲುಗಳನ್ನು ಮಾವ ಜನ್ಮದಲ್ಲಿ ನಂಬಿದವನಲ್ಲ. ನೆಟ್ಟವರು ಸೋಮಾರಿಗಳು, ತನ್ನ ಮೀಟರು ಸತ್ಯವಂತ ಎಂದು ಸ್ಟ್ಯಾಂಡಿನಲ್ಲಿ ಸಾವಿರ ಸಲ ವಾದಿಸಿದ್ದ. ಈಗ ತುಟಿ ಅಲುಗಿಸುತ್ತಾ ಅರವತ್ತನ್ನು ನಾಲ್ಕೂ ಚಿಲ್ಲರೆಯಿಂದ ಭಾಗಿಸಿದ. ಅಳಿಯನೂ ಮನಸ್ಸಿನಲ್ಲೇ ಭಾಗಿಸಿದ. ಇಬ್ಬರಿಗೂ ಹದಿಮೂರು ಬಂತು.

ಅಳಿಯನ ಹೆಗಲಿಂದ ಮೂವತ್ತು ಮೂಟೆಯೂ ಒಮ್ಮೆಲೇ ಇಳಿದವು. ಕದ್ದಿಲ್ಲ. ನಿದ್ದೆಗಣ್ಣಿನಲ್ಲೂ ಕದ್ದಿಲ್ಲ. ಹೆಂಡತಿಗೆ ಈಗಲೇ ಫೋನ್ ಮಾಡಬೇಕೆಂದು ಜೇಬಿಗೆ ಕೈಹಾಕಿದವನು ಮಾವನನ್ನು ನೋಡಿ ಹಾಗೇ ನಿಂತ.

ಮಾವ ನೋಯುವ ಮಂಡಿಯನ್ನು ಮಡಚಿ ನೆಲದಲ್ಲಿ ಕೂತಿದ್ದ. ದೊಡ್ಡ ಚಕ್ರದ ಗುರುತನ್ನು ಅವನು ನೋಡುತ್ತಿರಲಿಲ್ಲ. ಸಣ್ಣ ಚಕ್ರದ ಗುರುತಿನ ಮೇಲೆ ಬೆರಳಿಟ್ಟು, ಅದು ಇನ್ನಷ್ಟು ಮುಂದೆ ಇರಬೇಕಿತ್ತು ಎಂಬಂತೆ, ಬೆರಳನ್ನು ಮುಂದಕ್ಕೂ ಹಿಂದಕ್ಕೂ ಎಳೆಯುತ್ತಿದ್ದ. ತುಟಿ ಇನ್ನೂ ಅಲುಗುತ್ತಿತ್ತು. ದೊಡ್ಡ ಚಕ್ರ ಕಮ್ಮಿ ಹೇಳುತ್ತದೆ. ಹಾಗಾದರೆ ಸಣ್ಣದು?

ನಾಲ್ಕು ತಿಂಗಳಿನಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತುಗಳೆಲ್ಲ ಅಳಿಯನ ನಾಲಗೆಯ ತುದಿಗೆ ಬಂದು ಸಾಲಾಗಿ ನಿಂತವು. ಒಂದನ್ನು ತಳ್ಳಿದರೆ ಸಾಕಿತ್ತು.

"ಹಂಗಾದ್ರೆ ಯಜಮಾನ್ರೇ, ನಿಮ್ಮ ಕಾಲದಲ್ಲಿ..." ಎಂದು ಟಯರಿನವನೇ ಬಾಯಿ ತೆಗೆದ.

"ಹಿಂದಿನ ಎಡಗಡೆ ಗಾಳಿ ಕಮ್ಮಿ ಇದೆ ಅನ್ಸುತ್ತೆ, ಸ್ವಲ್ಪ ನೋಡಣ್ಣ," ಎಂದ ಅಳಿಯ.

ಗಾಳಿ ಸರಿಯಾಗಿಯೇ ಇತ್ತು. ಹಾಗೇಕೆ ಹೇಳಿದೆ ಎಂದು ಅವನಿಗೇ ಅರ್ಥವಾಗಲಿಲ್ಲ. ಗೆದ್ದವನು ತಾನು, ಆದರೂ ಯಾರದೋ ಜೇಬಿಗೆ ಕೈಹಾಕಿ ಸಿಕ್ಕಿಬಿದ್ದವನ ಹಾಗೆ ಕಿವಿ ಬಿಸಿಯಾಗಿತ್ತು.

ಸಿಮೆಂಟ್ ಇಳಿಸುವವರೆಗೂ ಮಾವ ಆ ಗುರುತಿನ ಹತ್ತಿರವೇ ಕೂತಿದ್ದ. ಆಮೇಲೆ ಬಂದು ಅಂಗೈ ಚಾಚಿದ. ಅಳಿಯ ಕೀಲಿ ಕೊಟ್ಟ. ಬಸ್ ನಿಲ್ದಾಣ ಯಾವ ಕಡೆಗಿದೆ ಎಂದು ಅವನ ಕಣ್ಣು ತಾನಾಗಿಯೇ ಹುಡುಕಿತು.

"ಗಾಡಿ ಹತ್ತು," ಎಂದ ಮಾವ, ಪಕ್ಕದ ಸೀಟು ತೋರಿಸಿ. "ನಾಳೆಯಿಂದ ನೀನೇ ಹೊಡಿ. ಇವತ್ತೊಂದು ಸಲ ನಾನು ಹೊಡೀತೀನಿ."

ಖಾಲಿ ಗಾಡಿ ಹಗುರಾಗಿ ಹೊರಟಿತು. ಬಿಸಿಲಿಗೆ ಮಾವನ ಮುಖವೆಲ್ಲ ಬೆವರಾಗಿತ್ತು. ಕರವಸ್ತ್ರದಿಂದ ಹಣೆ, ಕುತ್ತಿಗೆ ಒರೆಸಿಕೊಂಡು, ಅದನ್ನು ಒಣಗಲಿಕ್ಕೆಂಬಂತೆ ಸ್ಟಿಯರಿಂಗಿನ ಹಿಂದೆ, ಮೀಟರಿನ ಗಾಜಿನ ಮೇಲೆ ಹರಡಿದ. ಒದ್ದೆ ಬಟ್ಟೆಯ ಕೆಳಗೆ ಮುಳ್ಳು ಏರುವುದು ಮಸುಕಾಗಿ ಕಾಣುತ್ತಿತ್ತು. ಊರು ದಾಟಿದ ಮೇಲೆ ಕಿಟಕಿಯಿಂದ ಗಾಳಿ ನುಗ್ಗಿ ಬಟ್ಟೆಯ ಒಂದು ಅಂಚು ಎದ್ದಿತು. ಅಳಿಯ ರಸ್ತೆಯ ಕಡೆಗೇ ನೋಡುತ್ತಾ ಕೈ ಚಾಚಿ, ಆ ಅಂಚನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದುಕೊಂಡ.